ಡ್ರಿಲ್ ಬಿಟ್ಟಿಗೆ ಲೇಪ, ಕೈಗೆ ಮುಲಾಮು

ಔಷಧಿ ಕೌಂಟರಿನವರಿಗೆ ಲೋಹ ಕತ್ತರಿಸುವ ಉಪಕರಣಗಳ ವಿಷಯ ಯಾಕೆ ಎಂದು ವರ್ಕ್‌ಶಾಪಿನ ಗೆಳೆಯರು ಕೇಳಬಹುದು. ಕೇಳಲಿ. ಲೇಪ ಎನ್ನುವುದು ನಮ್ಮ ಕಸುಬಿನ ಮಾತೂ ಹೌದು. ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ಕರಗಲಿ ಎಂದು ಕೆಲವು ಮಾತ್ರೆಗಳಿಗೆ ಲೇಪ ಕೊಟ್ಟಿರುತ್ತಾರೆ. ಅವನ್ನು ಪುಡಿಮಾಡಿ ನುಂಗಬೇಡಿ ಎಂದು ದಿನಾ ಹೇಳುವವರು ನಾವು. ಮಾತ್ರೆ ಒತ್ತುವ ಉಕ್ಕಿನ ಪಂಚ್‌ಗಳಿಗೂ ಕ್ರೋಮಿಯಂ ನೈಟ್ರೈಡ್ ಲೇಪ ಹಾಕುವುದುಂಟು, ಐಬುಪ್ರೊಫೆನ್‌ನಂಥ ಅಂಟುವ ಪುಡಿ ಹಿಡಿದುಕೊಳ್ಳದಿರಲಿ ಎಂದು. ಹಾಗಾಗಿ ನಿಮ್ಮ ಹಳದಿ ಡ್ರಿಲ್ ಬಿಟ್ ನಮಗೆ ದೂರದ ನೆಂಟ.

ಆ ಹಳದಿ ಚಿನ್ನವಲ್ಲ, ಬಳಿದ ಬಣ್ಣವೂ ಅಲ್ಲ (ಅಗ್ಗದ ಅಂಗಡಿಗಳಲ್ಲಿ ಬರೀ ಬಣ್ಣದ್ದೂ ಸಿಗುತ್ತದೆ, ಅದು ಬೇರೆ ಕಥೆ). ಅದು ಟೈಟೇನಿಯಂ ನೈಟ್ರೈಡ್. ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಟೈಟೇನಿಯಂ ಅನ್ನು ಆವಿ ಮಾಡಿ, ನೈಟ್ರೋಜನ್ ಬಿಟ್ಟರೆ ಎರಡೂ ಸೇರಿ ಉಕ್ಕಿನ ಮೇಲೆ ಪದರವಾಗಿ ಕೂರುತ್ತವೆ. ದಪ್ಪ ಸುಮಾರು 2ರಿಂದ 4 ಮೈಕ್ರಾನ್. ನಮ್ಮ ತಲೆಗೂದಲೇ 70 ಮೈಕ್ರಾನ್ ಆಸುಪಾಸು ಇರುತ್ತದೆ. ಹೈಸ್ಪೀಡ್ ಉಕ್ಕಿನ ಗಡಸುತನ ವಿಕರ್ಸ್ ಅಳತೆಯಲ್ಲಿ 850ರ ಹತ್ತಿರವಾದರೆ ಈ ಪದರದ್ದು 2000ಕ್ಕೂ ಮೇಲೆ. ಮೊದಲಿನ ವಿಧಾನಕ್ಕೆ ಸುಮಾರು 1000 ಡಿಗ್ರಿ ಬಿಸಿ ಬೇಕಿತ್ತು, ಆ ಬಿಸಿಗೆ ಹೈಸ್ಪೀಡ್ ಉಕ್ಕು ಮೆತ್ತಗಾಗುತ್ತದೆ. 500 ಡಿಗ್ರಿಯೊಳಗೆ ಮುಗಿಯುವ ವಿಧಾನ 1980ರ ಸುಮಾರಿಗೆ ಬಂದ ಮೇಲೆ ಸಾಮಾನ್ಯ ಬಿಟ್ಟೂ ಹಳದಿಯಾಯಿತು.

ಆಮೇಲೆ ಬಂದದ್ದು ಅಲ್ಯೂಮಿನಿಯಂ ಸೇರಿಸಿದ ನೇರಳೆ-ಕಪ್ಪು ಲೇಪ. ಕತ್ತರಿಸುವ ಬಿಸಿಯಲ್ಲಿ ಇದರ ಮೈಮೇಲೆ ಅಲ್ಯೂಮಿನಿಯಂ ಆಕ್ಸೈಡಿನ ತೆಳುಪೊರೆ ತಾನಾಗಿಯೇ ಮೂಡಿ ಒಳಗಿನದನ್ನು ಕಾಯುತ್ತದೆ. ಹಳದಿ ಲೇಪ 500-600 ಡಿಗ್ರಿಗೆ ಕೆಡಲು ಶುರುವಾದರೆ ಇದು 800ರವರೆಗೂ ತಡೆಯುತ್ತದೆ. ಅದರಿಂದ ಉಕ್ಕಿನ ಎಷ್ಟೋ ಮಿಲ್ಲಿಂಗ್ ಕೆಲಸವನ್ನು ಕೂಲಂಟ್ ಇಲ್ಲದೆ, ಗಾಳಿ ಊದಿಕೊಂಡೇ ಮಾಡಬಹುದು. ಬಿಸಿಯಾದ ಕಾರ್ಬೈಡ್ ಮೇಲೆ ಕೂಲಂಟ್ ಬಿದ್ದು ಬಿದ್ದು ಅಂಚು ಬಿರುಕು ಬಿಡುವುದೂ ತಪ್ಪುತ್ತದೆ.

ನಮ್ಮ ಮಾತು ಶುರುವಾಗುವುದು ಇಲ್ಲಿಂದ. ಲೇಥ್, ಮಿಲ್ಲಿಂಗ್ ಕೆಲಸದ ನಮ್ಮವರು ಕೌಂಟರಿಗೆ ಬಂದು ಕೈ ಚಾಚುತ್ತಾರೆ. ಬೆರಳಸಂದಿ ಕೆಂಪು, ಚರ್ಮ ಸೀಳು. ಕೂಲಂಟ್ ಚರ್ಮದ ಜಿಡ್ಡನ್ನು ತೊಳೆದುಬಿಡುತ್ತದೆ, ಕೆಡದಿರಲೆಂದು ಅದರಲ್ಲಿ ಹಾಕಿದ ರಾಸಾಯನಿಕ ಕೆಲವರಿಗೆ ಅಲರ್ಜಿ ತರುತ್ತದೆ, ಅದರೊಳಗೆ ಸೇರಿದ ನಿಕ್ಕಲ್, ಕೋಬಾಲ್ಟ್ ಬೇರೆ. ಕೇಳುವುದು ಮಾತ್ರ "ಊರಲ್ಲಿ ಸಿಗುವ ಆ ಟ್ಯೂಬ್ ಇದೆಯಾ?" ಎಂದು. ಆ ಟ್ಯೂಬಿನಲ್ಲಿ ಸ್ಟೀರಾಯ್ಡ್, ಶಿಲೀಂಧ್ರದ ಔಷಧಿ, ಆಂಟಿಬಯೋಟಿಕ್ ಎಲ್ಲ ಕಲಸಿಟ್ಟಿರುತ್ತಾರೆ. ಮೂರು ದಿನದಲ್ಲಿ ಉರಿ ಇಳಿಯುತ್ತದೆ, ನಾಲ್ಕನೆಯ ದಿನ ಅದೇ ಕೈ ಮತ್ತೆ ಕೂಲಂಟಿನೊಳಗೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವೇ ತೆಳುವಾಗುತ್ತದೆ. ಗ್ಲೌಸ್ ಹಾಕಿ ಎನ್ನುವುದು ಸುಲಭ. ತಿರುಗುವ ಸ್ಪಿಂಡಲ್ ಮುಂದೆ ಗ್ಲೌಸ್ ಹಾಕಿದರೆ ಬೆರಳೇ ಹೋದೀತು.

ಕೈ ಕೆಟ್ಟ ಸುದ್ದಿ ಫೋರ್‌ಮನ್‌ಗೆ ಗೊತ್ತಾದರೆ ವೀಸಾ ಕೆಡುತ್ತದೆ ಎಂಬ ಭಯ ಅವರಿಗೆ. ಹಾಗಾಗಿ ಬಚ್ಚಿಡುತ್ತಾರೆ. ಪೀಣ್ಯದಲ್ಲಿ ಪಳಗಿ, ಜಿಟಿಟಿಸಿಯಲ್ಲಿ ಓದಿ ಬಂದ ನಮ್ಮ ಹುಡುಗರಿಗೆ ಲೇಪಗಳ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು. ಆದರೂ ಯಾವ ಟೂಲ್ ತರಿಸಬೇಕು ಎಂದು ಬಾಯಿಬಿಡುವುದಿಲ್ಲ, ಅದು ಖರೀದಿ ವಿಭಾಗದ ಕೆಲಸವಂತೆ. ಖರೀದಿ ವಿಭಾಗ ನೋಡುವುದು ಟೂಲಿನ ಬೆಲೆಯನ್ನು. ಕೂಲಂಟಿನ ಬೆಲೆ, ಅದನ್ನು ವಿಲೇವಾರಿ ಮಾಡುವ ಖರ್ಚು, ರಜೆ ಹಾಕಿದ ಕೆಲಸಗಾರನ ದಿನ ಬೇರೆ ಬೇರೆ ಖಾತೆಯಲ್ಲಿರುತ್ತವೆ. ಇವನ್ನೆಲ್ಲ ಒಂದೇ ಕಾಗದದಲ್ಲಿ ಬರೆದು ತೋರಿಸಬಲ್ಲವನು ಯಂತ್ರದ ಮುಂದೆ ನಿಂತವನೇ. ಕೈ ತೋರಿಸಲು ಹೆದರಿಕೆಯಾದರೆ ಲೆಕ್ಕ ತೋರಿಸಿ. ದುಡ್ಡು ಉಳಿಯುವ ಮಾತನ್ನು ಯಾವ ಮ್ಯಾನೇಜರೂ ಕಿವಿಗೆ ಹಾಕಿಕೊಳ್ಳುತ್ತಾನೆ.

ಎಲ್ಲ ಕೆಲಸವೂ ಒಣದಾಗಿ ಆಗದು, ನಿಜ. ಆಳದ ರಂಧ್ರ, ಟ್ಯಾಪಿಂಗ್, ಸ್ಟೇನ್‌ಲೆಸ್ ಸ್ಟೀಲ್ ಇವಕ್ಕೆ ದ್ರವ ಬೇಕೇ ಬೇಕು. ಅಲ್ಯೂಮಿನಿಯಂ ಕಿಟಕಿ-ಬಾಗಿಲು ಮಾಡುವವರಿಗೆ ಆ ಕಪ್ಪು ಲೇಪ ಹೊಂದುವುದೂ ಇಲ್ಲ, ಅಲ್ಯೂಮಿನಿಯಂ ಅದಕ್ಕೆ ಅಂಟಿಕೊಳ್ಳುತ್ತದೆ. ಎರಕದ ಕಬ್ಬಿಣವನ್ನು ಒಣದಾಗಿ ಕೊರೆದರೆ ಧೂಳು ಎಳೆಯುವ ವ್ಯವಸ್ಥೆ ಇರಬೇಕು. ಬಿಸಿ ಚೂರು ಹಾರುವುದರಿಂದ ಕನ್ನಡಕ ಕಡ್ಡಾಯ. ಕಣ್ಣಿಗೆ ಚೂರು ಬಿದ್ದರೆ ಮರಗಟ್ಟಿಸುವ ಹನಿ ಕೊಡಿ ಎಂದು ನಮ್ಮನ್ನು ಕೇಳಬೇಡಿ, ಅದನ್ನು ಮನೆಗೆ ಒಯ್ದು ಹಾಕಿಕೊಂಡರೆ ಕಣ್ಣಿನ ಗಾಯ ಮಾಯುವುದಿಲ್ಲ. ನೇರ ವೈದ್ಯರ ಬಳಿ ಹೋಗಿ.

ಸಂಘದ ಆರೋಗ್ಯ ಶಿಬಿರದಲ್ಲಿ ಸಕ್ಕರೆ, ಬಿಪಿ ನೋಡುವ ಮೇಜುಗಳಿರುತ್ತವೆ. ಮುಂದಿನ ಸಲ ಕೈ ನೋಡುವ ಮೇಜು ಒಂದು ಇರಲಿ ಎಂದು ಪದಾಧಿಕಾರಿಗಳನ್ನು ಕೇಳುತ್ತೇವೆ. ಅಲ್ಲಿ ಕೂರಲು ನಾವು ಸಿದ್ಧ. ಬರುವಾಗ ಕೂಲಂಟ್ ಡಬ್ಬದ ಲೇಬಲ್ಲಿನ ಫೋಟೊ ಮೊಬೈಲಿನಲ್ಲಿ ತೆಗೆದುಕೊಂಡು ಬನ್ನಿ. ಅದರಲ್ಲಿ ಏನೇನಿದೆ ಎಂದು ಕೂತು ಓದೋಣ.