ದೀಕ್ಷಾಸ್ನಾನ: ಒಂದು ಪದದ ಜಗಳ

ಮೋಟೆಬೆನ್ನೂರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ಮನೆಗೆ ಬಂದು ಕಣ್ಣೀರು ಹಾಕಿದ. ಅವನ ಕೂಸಿನ ದೀಕ್ಷಾಸ್ನಾನಕ್ಕೆ ಒಡಹುಟ್ಟಿದ ಅಣ್ಣನೇ ಬರಲಿಲ್ಲವಂತೆ. ‘ಸ್ನಾನವೆಂದರೆ ಮುಳುಗುವುದು, ದೀಕ್ಷೆಯೆಂದರೆ ಅರಿತು ಪಡೆಯುವುದು. ಅರಿಯದ ಕೂಸಿನ ತಲೆಗೆ ನೀರು ಚಿಮುಕಿಸಿದರಾಯಿತೇ? ಬೈಬಲೇ ಹೇಳುತ್ತದೆ’ ಎಂಬುದು ಅಣ್ಣನ ವಾದ.

ನಾನು ಆ ಮತದವನಲ್ಲ, ಕನ್ನಡ ಕಲಿಸಿದವನು. ಆದ್ದರಿಂದ ಪದದ ಮಾತನ್ನಷ್ಟೇ ಆಡುತ್ತೇನೆ. ಅಣ್ಣ ಆಧರಿಸಿರುವುದು ಮೂಲವನ್ನಲ್ಲ, ಕನ್ನಡ ಅನುವಾದವನ್ನು. ಗ್ರೀಕ್ ಮೂಲದ ಪದ ‘ಬ್ಯಾಪ್ಟಿಜೋ’. ಮುಳುಗಿಸು ಎಂಬುದು ಅದರ ಮೊದಲ ಅರ್ಥ, ನಿಜ. ಆದರೆ ಊಟಕ್ಕೆ ಮುನ್ನ ತೊಳೆದುಕೊಳ್ಳುವುದಕ್ಕೂ ಲೂಕನ ಸುವಾರ್ತೆಯ 11ನೆಯ ಅಧ್ಯಾಯದಲ್ಲಿ ಅದೇ ಪದವಿದೆ. ‘ದೀಕ್ಷೆ’ಯಂತೂ ಆ ಪದದೊಳಗೆ ಇಲ್ಲವೇ ಇಲ್ಲ, ಅದು ಲಿಂಗದೀಕ್ಷೆಯನ್ನು ಬಲ್ಲ ನಮ್ಮ ನಾಡಿನ ಮಾತು.

ಈ ಜಗಳ ಹೊಸದೂ ಅಲ್ಲ. 1830ರ ದಶಕದಲ್ಲಿ ಬ್ಯಾಪ್ಟಿಸ್ಟರು ತಮ್ಮ ಬಂಗಾಳಿ ಬೈಬಲಿನಲ್ಲಿ ಇದನ್ನು ‘ಮುಳುಗಿಸು’ ಎಂದು ಅನುವಾದಿಸಿದ್ದಕ್ಕೆ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿ ಧನಸಹಾಯ ನಿರಾಕರಿಸಿತು. ಮುಂದೆ 1947ರಲ್ಲಿ ಹಲವು ಪಂಗಡಗಳು ಕೂಡಿ ರೂಪುಗೊಂಡ ದಕ್ಷಿಣ ಭಾರತ ಸಭೆಯಾದರೋ ಕೂಸುಗಳಿಗೂ ಪ್ರಾಯಸ್ಥರಿಗೂ ದೀಕ್ಷಾಸ್ನಾನ ಕೊಡುತ್ತದೆ. ಓದಿದ ಗ್ರಂಥ ಒಂದೇ. ಅರ್ಥ ಮಾಡಿಕೊಂಡವರು ಬೇರೆ ಬೇರೆ.

ಆ ಅಣ್ಣನೂ ನನ್ನ ವಿದ್ಯಾರ್ಥಿಯೇ. ಅವನಿಗೆ ಹೇಳುವುದಿಷ್ಟೆ: ಮಗೂ, ಹೊಳೆಯಲ್ಲಿ ಮುಳುಗಿಯೇ ದೀಕ್ಷೆ ಪಡೆ, ಅದು ನಿನ್ನ ನಂಬಿಕೆ. ಆದರೆ ಅನುವಾದಕನ ಪದವನ್ನು ದೇವರ ತೀರ್ಪೆಂದು ತಿಳಿದು ತಮ್ಮನ ಮನೆಯ ಹೊಸ್ತಿಲು ತುಳಿಯುವುದನ್ನು ಬಿಡಬೇಡ.