ತಕ್ಕಡಿ ತೆಗೆದರೆ ನ್ಯಾಯ ಸಿಕ್ಕೀತೆ?

ಹೊಸೂರು, ತಾಳವಾಡಿ ಕಡೆ ಹನ್ನೆರಡನೇ ತರಗತಿ ಮಕ್ಕಳಿರುವ ಮನೆಗಳಲ್ಲಿ 2017ರಿಂದ ಒಂದೇ ಚರ್ಚೆ. ನೀಟ್ ಇರಬೇಕೋ, ಹೋಗಬೇಕೋ? ಬೇಡವೆಂದು ತಮಿಳುನಾಡು ವಿಧಾನಸಭೆ 2021ರಲ್ಲಿ ಮಸೂದೆ ಪಾಸು ಮಾಡಿತು. ಅದಕ್ಕೆ ಅಂಕಿತ ಸಿಗಲಿಲ್ಲವೆಂದು 2025ರಲ್ಲಿ ಅಂದಿನ ಮುಖ್ಯಮಂತ್ರಿಗಳೇ ಸದನಕ್ಕೆ ತಿಳಿಸಿದರು. ಕರ್ನಾಟಕ ವಿಧಾನಸಭೆಯೂ 2024ರಲ್ಲಿ ನೀಟ್ ವಿರುದ್ಧ ನಿರ್ಣಯ ಮಾಡಿತು. ಪರೀಕ್ಷೆ ಹೋದರೆ ಬಡವರ ಮಕ್ಕಳಿಗೆ ಬಾಗಿಲು ತೆರೆಯುತ್ತೆ ಅನ್ನೋದು ಒಂದು ಪಕ್ಷ. ಪರೀಕ್ಷೆ ಇದ್ದರೇನೇ ನ್ಯಾಯ ಅನ್ನೋದು ಇನ್ನೊಂದು. ಈ ಜಗಳದಲ್ಲಿ ಪಕ್ಷ ಹಿಡಿಯುವ ಮುಂಚೆ, ಪರೀಕ್ಷೆ ಕೈಬಿಟ್ಟು ನೋಡಿದವರಿಗೆ ಏನಾಯ್ತು ಅಂತ ವಿಚಾರಿಸುವುದು ಒಳ್ಳೇದು. ಆ ಪ್ರಯೋಗ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಅಮೆರಿಕದಲ್ಲಿ.

ಅಲ್ಲಿ ಕಾಲೇಜು ಸೇರಲು ಎಸ್‌ಎಟಿ ಎಂಬ ಪರೀಕ್ಷೆ ಇದೆ, ಒಟ್ಟು 1600 ಅಂಕ. ಮೇನ್ ರಾಜ್ಯದ ಬೌಡಿನ್ ಎಂಬ ಚಿಕ್ಕ ಕಾಲೇಜು 1969ರಲ್ಲೇ 'ಅಂಕ ತೋರಿಸುವುದು, ಬಿಡುವುದು ನಿಮ್ಮಿಷ್ಟ' ಎಂದಿತು. ಟ್ಯೂಷನ್ನಿಗೆ ದುಡ್ಡು ಸುರಿಯುವವರ ಮಕ್ಕಳೇ ಹೆಚ್ಚು ಅಂಕ ತೆಗೆಯುತ್ತಾರೆ ಎಂಬ ದೂರು ಅಲ್ಲೂ ಹಳೆಯದೇ. 2020ರಲ್ಲಿ ಕೋವಿಡ್ ಬಂದು ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಹಾರ್ವರ್ಡ್, ಯೇಲ್, ಡಾರ್ಟ್‌ಮತ್‌ನಂಥ ದೊಡ್ಡ ಹೆಸರಿನವೂ ಇದೇ ದಾರಿ ಹಿಡಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2021ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಂಕ ಕಳಿಸಿದರೂ ನೋಡುವುದಿಲ್ಲ ಎಂದಿತು.

ಆಮೇಲೆ ಏನಾಯ್ತು? ಅರ್ಜಿಗಳು ಪ್ರವಾಹದಂತೆ ಬಂದವು. ಹಾರ್ವರ್ಡ್ ಒಂದಕ್ಕೇ ಒಂದೇ ವರ್ಷದಲ್ಲಿ ಸುಮಾರು 40 ಸಾವಿರದಿಂದ 57 ಸಾವಿರಕ್ಕೆ ಏರಿತು. ಸೀಟು ಮಾತ್ರ ಇದ್ದಷ್ಟೇ. ಕೆಲವು ಕಡೆ ಬಡವರ, ಕಪ್ಪುಜನರ ಮಕ್ಕಳ ಸಂಖ್ಯೆ ಸ್ವಲ್ಪ ಏರಿದ್ದು ನಿಜ, ಆದರೆ ಆಸೆಪಟ್ಟಷ್ಟಲ್ಲ. ಡಾರ್ಟ್‌ಮತ್ ತನ್ನ ಲೆಕ್ಕ ತಾನೇ ತೆಗೆದು ನೋಡಿದಾಗ ವಿಚಿತ್ರ ಸಂಗತಿ ಹೊರಬಿತ್ತು. ಹಿಂದುಳಿದ ಶಾಲೆಗಳಿಂದ ಬಂದ ಎಷ್ಟೋ ಮಕ್ಕಳು ಒಳ್ಳೆಯ ಅಂಕ ತೆಗೆದಿದ್ದರೂ, 'ಇದು ಸಾಲದು' ಎಂದು ಹೆದರಿ ಮುಚ್ಚಿಟ್ಟಿದ್ದರು. ತೋರಿಸಿದ್ದರೆ ಸೀಟು ಸಿಗುವ ಸಾಧ್ಯತೆ ಹೆಚ್ಚುತ್ತಿತ್ತು! ಯಾವ ಅಂಕ ತೋರಿಸಬೇಕು, ಯಾವುದನ್ನು ಮರೆಮಾಡಬೇಕು ಎಂಬ ಸಲಹೆಯೂ ಉಳ್ಳವರಿಗೇ ಸುಲಭವಾಗಿ ಸಿಗುತ್ತಿತ್ತು.

ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಂಡಿಯಲ್ಲಿ ತಕ್ಕಡಿ ಸರಿಯಿಲ್ಲ ಅಂತ ತಕ್ಕಡಿಯನ್ನೇ ಎತ್ತಿಟ್ಟು, ಕಣ್ಣಂದಾಜಿನಲ್ಲಿ ಮಾಲು ಕೊಳ್ಳೋಕೆ ಶುರು ಮಾಡಿದರೆ ಲಾಭ ಯಾರಿಗೆ? ದಲಾಲಿಯ ಪರಿಚಯ ಇದ್ದವನಿಗೆ. ಪರೀಕ್ಷೆ ಬಿಟ್ಟರೆ ಅಲ್ಲಿ ತೂಗುವುದು ಶಾಲೆಯ ಅಂಕಪಟ್ಟಿಯ ಜೊತೆಗೆ ಪ್ರಬಂಧ, ಶಿಫಾರಸು ಪತ್ರ, ಆಟೋಟ, ಅಪ್ಪ ಅದೇ ಕಾಲೇಜಿನಲ್ಲಿ ಓದಿದ್ದನೇ ಎಂಬುದನ್ನು. 2023ರಲ್ಲಿ ಹಾರ್ವರ್ಡಿನ ರಾಜ್ ಚೆಟ್ಟಿ ಮತ್ತು ಸಂಗಡಿಗರು ತೋರಿಸಿದ್ದು ಇದನ್ನೇ: ಎಸ್‌ಎಟಿಯಲ್ಲಿ ಒಂದೇ ಅಂಕ ಪಡೆದವರಲ್ಲಿ, ಶೇ. 1ರಷ್ಟಿರುವ ಅತಿ ಶ್ರೀಮಂತರ ಮಕ್ಕಳು ಇಂಥ ಕಾಲೇಜು ಸೇರುವ ಸಾಧ್ಯತೆ ಮಧ್ಯಮ ವರ್ಗದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಎಂಐಟಿ 2022ರಲ್ಲಿ, ಡಾರ್ಟ್‌ಮತ್, ಹಾರ್ವರ್ಡ್ 2024ರಲ್ಲಿ ಮತ್ತೆ ಪರೀಕ್ಷೆ ಕಡ್ಡಾಯ ಮಾಡಿದವು.

ಹಾಗಾದರೆ ಪರೀಕ್ಷೆಯೇ ನ್ಯಾಯವೇ? ಅದೂ ಅರ್ಧ ಮಾತು. ನೀರಾವರಿ ಹೊಲದ ಹತ್ತು ಚೀಲ, ಖುಷ್ಕಿ ಹೊಲದ ಆರು ಚೀಲ ಪಕ್ಕಪಕ್ಕ ಇಟ್ಟರೆ ತಕ್ಕಡಿ ಹತ್ತನ್ನೇ ದೊಡ್ಡದು ಅನ್ನುತ್ತೆ. ಆದರೆ ಒಕ್ಕಲಿನವನು ಕೇಳುವುದು, ಇದು ಯಾವ ಹೊಲದ ಬೆಳೆ ಅಂತ. ತೂಕವೂ ಬೇಕು, ಹೊಲದ ಲೆಕ್ಕವೂ ಬೇಕು.

ಹೊಲದ ಲೆಕ್ಕ ಹಾಕಿದವರೂ ಇದ್ದಾರೆ. ಟೆಕ್ಸಾಸ್ ರಾಜ್ಯ 1997ರಲ್ಲಿ ಒಂದು ಕಾನೂನು ತಂದಿತು: ಯಾವ ಊರಿನ ಪ್ರೌಢಶಾಲೆಯೇ ಆಗಲಿ, ಅಲ್ಲಿ ಮೊದಲ ಶೇ. 10ರೊಳಗೆ ಬಂದ ಮಗುವಿಗೆ ರಾಜ್ಯದ ಸರಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು. ನೂಕುನುಗ್ಗಲು ಹೆಚ್ಚಾಗಿ ಆಸ್ಟಿನ್‌ನಲ್ಲಿ ಆ ಮಿತಿ ಇನ್ನೂ ಕೆಳಗಿಳಿದಿದೆ, ಆದರೆ ತತ್ವ ಉಳಿದಿದೆ. ಇನ್ನು ತಮಿಳುನಾಡು 2020ರಲ್ಲಿ, ನೀಟ್ ಇದ್ದಂತೆಯೇ, ಸರಕಾರಿ ಶಾಲೆಯಲ್ಲಿ ಓದಿದವರಿಗೆ ವೈದ್ಯಕೀಯ ಸೀಟಿನಲ್ಲಿ ಶೇ. 7.5 ಮೀಸಲಿಟ್ಟಿತು. ಅಲ್ಲಿಯವರೆಗೆ ಬೆರಳೆಣಿಕೆಯಷ್ಟಿದ್ದ ಆ ಮಕ್ಕಳು ಅದೇ ವರ್ಷ ನೂರಾರು ಸಂಖ್ಯೆಯಲ್ಲಿ ಒಳಗೆ ಹೋದರು. ಅದೇ ಪರೀಕ್ಷೆ, ಅವೇ ಮಕ್ಕಳು. ಬದಲಾದದ್ದು ಹೊಲದ ಲೆಕ್ಕ ಒಂದೇ.

ಈಗ ನಮ್ಮ ಮಾತಿಗೆ ಬರೋಣ. ಗಡಿ ಕನ್ನಡದ ಮಗುವಿನ ಹೊಲ ಯಾವ ಸರ್ವೆ ನಂಬರಿನಲ್ಲಿದೆ? ತಮಿಳುನಾಡಿನ ಶೇ. 7.5ಕ್ಕೆ ಆರರಿಂದ ಹನ್ನೆರಡರವರೆಗೆ ಆ ರಾಜ್ಯದ ಸರಕಾರಿ ಶಾಲೆಯಲ್ಲೇ ಓದಿರಬೇಕು. ಕನ್ನಡದಲ್ಲಿ ಓದಲಿ ಎಂದು ತಾಳವಾಡಿಯಿಂದ ನಡುವೆ ಚಾಮರಾಜನಗರದ ಕಡೆ ಸೇರಿಸಿದರೆ ಆ ಹಕ್ಕು ಹೋಯಿತು. ಇತ್ತ ಕರ್ನಾಟಕದ ಗ್ರಾಮೀಣ ಮೀಸಲಿಗೆ ಒಂದರಿಂದ ಹತ್ತರವರೆಗೆ ಕರ್ನಾಟಕದ ಹಳ್ಳಿಯಲ್ಲೇ ಓದಿರಬೇಕು. ನೀಟ್ ಕನ್ನಡದಲ್ಲೂ ಇದೆ ನಿಜ, ಆದರೆ ಕನ್ನಡ ಪ್ರಶ್ನೆಪತ್ರಿಕೆ ಕೊಡುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಕಾಸರಗೋಡಿನಲ್ಲೋ ಸೊಲ್ಲಾಪುರದಲ್ಲೋ ಕೂತು ಬರೆಯುವ ಮಗು ಓದಿದ್ದು ಒಂದು ಭಾಷೆ, ಉತ್ತರಿಸಬೇಕಾದ್ದು ಇನ್ನೊಂದು ಭಾಷೆ.

ಹಾಗಾಗಿ ನೀಟ್ ಬೇಕು, ಬೇಡ ಎಂಬ ಕೂಗಿಗಷ್ಟೇ ದನಿಗೂಡಿಸಿದರೆ ನಮಗೆ ಗಿಟ್ಟುವುದು ಕಡಿಮೆ. ಎರಡು ಸಣ್ಣ ಬೇಡಿಕೆ ಸಾಕು. ಒಂದು, ಗಡಿಯಾಚೆ ಕನ್ನಡ ಶಾಲೆಗಳಿರುವ ಜಿಲ್ಲೆಗಳ ಕೇಂದ್ರದಲ್ಲೂ ಕನ್ನಡ ಪ್ರಶ್ನೆಪತ್ರಿಕೆ. ಎರಡು, ಗಡಿಯ ಆ ಕಡೆ, ಈ ಕಡೆ ಸರಕಾರಿ ಕನ್ನಡ ಶಾಲೆಯಲ್ಲಿ ಓದಿದ ವರ್ಷಗಳನ್ನು ಎರಡೂ ರಾಜ್ಯಗಳು ಕೂಡಿಸಿ ಲೆಕ್ಕಕ್ಕೆ ಹಿಡಿಯುವುದು. ಅದು ಆಗುವತನಕ ಪೋಷಕರು ಒಂದು ಕೆಲಸ ಮಾಡಲೇಬೇಕು. ಮಗುವನ್ನು ಆರನೇ ತರಗತಿಗೆ ಸೇರಿಸುವ ಮುನ್ನ, ಯಾವ ಶಾಲೆಯ ಯಾವ ವರ್ಷ ಯಾವ ಮೀಸಲಿಗೆ ಜಮಾ ಆಗುತ್ತೆ ಎಂದು ಎರಡೂ ಕಡೆಯ ನಿಯಮ ತರಿಸಿ ಓದಿ. ಹನ್ನೆರಡನೇ ತರಗತಿಯಲ್ಲಿ ವಿಚಾರಿಸಿದರೆ ಕೈಗೆ ಸಿಗುವುದು ಹಳೆಯ ಟಿಸಿ ಮಾತ್ರ.