ಅಂಗಳವಿಲ್ಲದವರಿಗೊಂದು ಭವನ

ಶೃಂಗೇರಿ ವಿಧಾನಸಭಾ ಕ್ಷೇತ್ರದ ಮಾನ್ಯ ಶಾಸಕರಿಗೆ,



ಜಯಪುರ, ಬಸರೀಕಟ್ಟೆ ಕಡೆ ತಾವು ಬಂದಾಗ ಕೈಗೆ ಬರುವ ಮನವಿಗಳಲ್ಲಿ ರಸ್ತೆ, ಕಾಲುಸಂಕಗಳ ಜೊತೆ ಸಮುದಾಯ ಭವನವೂ ಇದ್ದೇ ಇರುತ್ತದೆ. ಅದಕ್ಕೆ ದುಡ್ಡು ಹಾಕಬೇಕೇ ಎಂಬ ಚರ್ಚೆ ನಮ್ಮ ಹೋಟೆಲು, ಸೊಸೈಟಿ ಜಗುಲಿಗಳಲ್ಲೂ ನಡೆಯುತ್ತದೆ. ಬೇಡ ಎನ್ನುವವರದ್ದು ಬರಿಯ ತಕರಾರಲ್ಲ. ಹಳದಿ ಎಲೆ ರೋಗಕ್ಕೆ ಅಡಿಕೆ ತೋಟ ಕಳೆದುಕೊಂಡವರಿದ್ದಾರೆ. ಉಳಿದವರನ್ನು ಈಗ ಎಲೆಚುಕ್ಕಿ ಕಾಡುತ್ತಿದೆ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಎಲ್ಲವೂ ಅದಕ್ಕೇ ಕೈಚಾಚಬೇಕು. ಮಳೆಗಾಲದಲ್ಲಿ ಹಳ್ಳ ದಾಟಲಾಗದ ಮಕ್ಕಳಿರುವಾಗ ಮದುವೆ ಹಾಲ್ ಏಕೆ ಎಂದು ಅವರು ಕೇಳಿದರೆ ಸುಲಭದ ಉತ್ತರವಿಲ್ಲ.

ಆದರೂ ನಾನು ಬೇಕು ಎನ್ನುವವರ ಕಡೆ. ಕಾರಣ ಹೇಳುತ್ತೇನೆ.

ನಮ್ಮ ಊರುಗಳಲ್ಲಿ ಬೀದಿಯೆಂಬುದಿಲ್ಲ, ಗುಡ್ಡಕ್ಕೊಂದು ಮನೆ. ತೋಟದ ಮನೆಯವರಿಗೆ ಅಡಿಕೆ ಒಣಗಿಸುವ ಅಂಗಳವಿದೆ. ಚಪ್ಪರ ಹಾಕಿದರೆ ಮದುವೆಯಾಗುತ್ತದೆ, ಶ್ರಾದ್ಧವಾಗುತ್ತದೆ, ಸತ್ಯನಾರಾಯಣ ಪೂಜೆಯಾಗುತ್ತದೆ. ಇವತ್ತು ಅವರು ಕೊಪ್ಪದ್ದೋ ಶೃಂಗೇರಿಯದ್ದೋ ಕಲ್ಯಾಣ ಮಂಟಪ ಹಿಡಿಯುತ್ತಿದ್ದರೆ ಅದು ಅನುಕೂಲಕ್ಕೆ, ಸ್ವಲ್ಪ ಪ್ರತಿಷ್ಠೆಗೆ. ಅಂಗಳವೇ ಇಲ್ಲದವರ ಕಥೆ ಬೇರೆ. ಕಾಫಿ ಎಸ್ಟೇಟಿನ ಲೈನುಗಳಲ್ಲಿರುವ ಕುಟುಂಬಗಳು, ಹಸಲರು, ಗೌಡಲು ಮೊದಲಾದ ಗಿರಿಜನರು, ಸೈಟಿನಲ್ಲಿ ಎರಡು ಕೋಣೆಯ ಮನೆ ಕಟ್ಟಿಕೊಂಡವರು ಮಗಳ ಮದುವೆಗೆ ಎಲ್ಲಿ ಚಪ್ಪರ ಹಾಕಬೇಕು? ಎಸ್ಟೇಟಿನ ಜಾಗದಲ್ಲಿ ಹಾಕಬೇಕಾದರೆ ಧಣಿಗಳ ಅಪ್ಪಣೆ ಬೇಕು. ಪೇಟೆಯ ಮಂಟಪದ ಬಾಡಿಗೆ ಕೊಡಬೇಕಾದರೆ ಸಾಲ ಮಾಡಬೇಕು. ಭವನಕ್ಕೆ ನಿಜವಾದ ಹಕ್ಕುದಾರರು ಇವರು. ಆದರೆ ಮನವಿ ಹಿಡಿದು ತಮ್ಮ ಮನೆ ಬಾಗಿಲಿಗೆ ಬರುವವರಲ್ಲಿ ಇವರು ಇರುವುದು ಕಡಿಮೆ.

ಬರುವವರು ಸಮಾಜದ ಸಂಘಗಳವರು. ರಾಜ್ಯದ ಉದ್ದಗಲಕ್ಕೂ ಇದೇ ರೂಢಿ: ಜಾತಿಗೊಂದು ಭವನ, ಚುನಾವಣೆ ಹತ್ತಿರವಾದರೆ ಯಾರಿಗೂ ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಇದ್ದ ಹಣ ಹಂಚಿಹೋಗಿ ಕೆಲವು ಕಡೆ ಪಿಲ್ಲರ್ ಎದ್ದು ನಿಲ್ಲುತ್ತವೆ, ಚಾವಣಿ ಬರುವ ಹೊತ್ತಿಗೆ ಕಬ್ಬಿಣ ತುಕ್ಕು ಹಿಡಿದಿರುತ್ತದೆ. ಸಣ್ಣ ಪೇಟೆಗೆ ಒಂದು ಭವನ ಸಾಕು, ಅದು ಗ್ರಾಮ ಪಂಚಾಯಿತಿಯ ಹೆಸರಿನಲ್ಲಿರಲಿ. ಸಾವಿರ ಜನರ ಊಟದ ಹಾಲ್ ಕೂಡ ಬೇಡ. ಈ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲೇ ಹುಟ್ಟಿದ ಕುವೆಂಪು, 1966ರಲ್ಲಿ ಮಗ ತೇಜಸ್ವಿಯ ಮದುವೆಯನ್ನು ಮಂತ್ರ ಮಾಂಗಲ್ಯದ ಸರಳತೆಯಲ್ಲಿ ಮುಗಿಸಿದವರು. ಅವರ ಹೆಸರನ್ನು ಭವನಕ್ಕೆ ಇಡಲು ಎಲ್ಲರೂ ಮುಂದೆ ಬರುತ್ತಾರೆ. ಆ ಅಳತೆಯ ಮದುವೆಗೆ ತಕ್ಕ ಭವನ ಕಟ್ಟೋಣ ಎಂದರೆ ಸುಮ್ಮನಾಗುತ್ತಾರೆ.

ಕಟ್ಟಿದ ಮೇಲೆ ನಡೆಸುವವರು ಯಾರು? ಈ ಪ್ರಶ್ನೆಯನ್ನು ನಮ್ಮ ಕಡೆಯವರು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ಸಹಕಾರ ಸಾರಿಗೆಯನ್ನು ಕಂಡವರು ನಾವು. ಶಂಕರ್ ಟ್ರಾನ್ಸ್‌ಪೋರ್ಟ್ ಬಸ್ ಕಂಪನಿ ಮುಚ್ಚಿದಾಗ ಅದರ ಕಾರ್ಮಿಕರೇ 1991ರಲ್ಲಿ ಕೊಪ್ಪದಲ್ಲಿ ಸಂಘ ಕಟ್ಟಿ ಬಸ್ಸು ಓಡಿಸಿದರು. ದೂರದವರೂ ಬಂದು ನೋಡಿ ಹೊಗಳಿದ ಸಂಸ್ಥೆ ಅದು. ಡೀಸೆಲ್ ಮೊದಲಾದ ದಿನದಿನದ ಖರ್ಚು ಏರುತ್ತ ಹೋಗಿ 2020ರಲ್ಲಿ ಆ ಬಸ್ಸುಗಳೂ ನಿಂತವು. ದುಡಿಯುವವರೇ ಮಾಲೀಕರಾಗಿದ್ದ ಸಂಸ್ಥೆಯ ಗತಿಯೇ ಹೀಗಾದರೆ, ಯಾರೂ ತನ್ನದೆನ್ನದ ಕಟ್ಟಡದ ಕರೆಂಟ್ ಬಿಲ್ಲು, ಪಂಪು, ಶೌಚಾಲಯ, ಪ್ರತಿ ಮಳೆಗಾಲಕ್ಕೂ ಪಾಚಿ ಕೆರೆಯುವ ಕೂಲಿಯನ್ನು ಕೊಡುವವರು ಯಾರು? ಸಂಸದರ ನಿಧಿಯ ಮಾರ್ಗಸೂಚಿ ಈ ವಿಷಯದಲ್ಲಿ ಸರಿಯಾಗಿದೆ: ನಿರ್ವಹಣೆಯ ಹೊಣೆ ಹೊರುವವರಿಂದ ಮುಂಚೆಯೇ ಒಪ್ಪಿಗೆ ಪಡೆದು ಆಮೇಲೆ ಮಂಜೂರು ಮಾಡಬೇಕು. ತಮ್ಮ ನಿಧಿಗೂ ಅದೇ ಕಟ್ಟುನಿಟ್ಟು ಇರಲಿ.

ಮದುವೆಯ ದಿನಗಳು ಮುಗಿದು ಜೂನ್ ಹಿಡಿದರೆ ಭವನ ಖಾಲಿ ಬೀಳುತ್ತದೆ. ಆದರೆ ಜನಕ್ಕೆ ಸೂರು ಬೇಕಾಗುವುದು ಆಗಲೇ. ಗುಡ್ಡ ಜರಿದರೆ ಕಾಳಜಿ ಕೇಂದ್ರಕ್ಕೆಂದು ಶಾಲೆಗಳನ್ನು ಹುಡುಕುತ್ತೇವೆ, ಮಕ್ಕಳ ಪಾಠ ನಿಲ್ಲುತ್ತದೆ. ಜನರೇಟರ್, ಅಡುಗೆಮನೆ, ಗಟ್ಟಿ ಚಾವಣಿ ಇರುವ ಭವನವೊಂದಿದ್ದರೆ ಆ ಪಾಡು ತಪ್ಪುತ್ತದೆ. ಮಳೆಗಾಲ ತಾಳಮದ್ದಲೆಯ ಕಾಲವೂ ಹೌದು. ಸ್ತ್ರೀಶಕ್ತಿ ಸಂಘದವರಿಗೆ ಕೂರಲು ಜಾಗ, ಓದುವ ಹುಡುಗರಿಗೆ ಒಂದು ಕೋಣೆ, ಇದೆಲ್ಲ ನಕ್ಷೆಯಲ್ಲೇ ಬರಬೇಕು. ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಸಂಸ್ಥೆ ಹುಟ್ಟಿದ್ದು 1949ರಲ್ಲಿ, ಅದರ ಶಿವರಾಮ ಕಾರಂತ ರಂಗಮಂದಿರ ಎದ್ದದ್ದು 1972ರಲ್ಲಿ. ಅಷ್ಟು ವರ್ಷ ನಾಟಕ ಆಡಿದವರಿಗೆ ಕಟ್ಟಡದಿಂದ ಏನಾಗಬೇಕು ಎಂಬುದು ಗೊತ್ತಿತ್ತು. ನಾವು ಗುದ್ದಲಿ ಪೂಜೆಯ ದಿನ ಮೊದಲು ಗೊತ್ತು ಮಾಡುತ್ತೇವೆ.

ಆದ್ದರಿಂದ ಮುಂದಿನ ಗ್ರಾಮಸಭೆಗೆ ದಯವಿಟ್ಟು ತಾವೇ ಬನ್ನಿ. ಜಾಗ ಬಸ್ ನಿಲ್ಲುವ ಕಡೆ ಇದೆಯೇ, ಲೈನಿನವರಿಗೂ ಗಿರಿಜನರಿಗೂ ಬಾಡಿಗೆ ಎಷ್ಟು, ವರ್ಷದ ಲೆಕ್ಕವನ್ನು ಸಭೆಯಲ್ಲಿ ಯಾರು ಓದುತ್ತಾರೆ ಎಂದು ಎಲ್ಲರ ಎದುರಿಗೇ ಕೇಳಿ, ಠರಾವು ಬರೆಸಿ. ಉತ್ತರ ಸಿಕ್ಕಿದರೆ ಹಣ ಕೊಡಿ. ಸಿಗದಿದ್ದರೆ ಅಷ್ಟೂ ಹಣವನ್ನು ಕಾಲುಸಂಕಗಳಿಗೆ ಹಾಕಿ, ನಾವು ಬೇಸರಪಡುವುದಿಲ್ಲ.

ಇಂತಿ,
ಮೇಗುಂದ ಹೋಬಳಿಯ ಒಬ್ಬ ಮತದಾರ